ಕಾಲಿನ ಹರಡು: ಅದರ ಉಳುಕು, ನೋವು ಮತ್ತು ಉಪಚಾರ

ಕಾಲೂ ಪಾದವೂ ಕೂಡುವೆಡೆಯಲ್ಲಿ ಒಳಗೊಂದು ಹೊರಗೊಂದು ಎಲುಬಿನ ಗಂಟು ಎದ್ದು ಕಾಣುವ ಕೀಲಿಗೆ ಕನ್ನಡದಲ್ಲಿ ‘ಹರಡು’ ಎಂದು ಹೆಸರು. ಹಳಗನ್ನಡದ ‘ಪರಡು’ ಎಂಬ ಶಬ್ದವೇ ಪಕಾರವು ಹಕಾರವಾಗುವ ರೀತಿಯಿಂದ ‘ಹರಡು’ ಎಂದಾಯಿತು. ತಮಿಳಿನಲ್ಲಿ ‘ಪರಡು’ ಎಂಬ ರೂಪವೇ ಉಳಿದುಕೊಂಡಿದೆ. ಸಂಸ್ಕೃತದಲ್ಲಿ ಇದು ‘ಗುಲ್ಫ’. ಅಮರಸಿಂಹನು ಇದಕ್ಕೆ ‘ಘುಟಿಕಾ’ ಎಂಬ ಇನ್ನೊಂದು ಹೆಸರನ್ನು ಕೊಟ್ಟು, ಇದರ ಕೆಳಗಿನ ಹಿಮ್ಮಡಿಯನ್ನು ‘ಪಾರ್ಷ್ಣಿ’ ಎಂದು ಬೇರೆಯಾಗಿ ಹೇಳಿದ್ದಾನೆ. ಈಚಿನ ವಿದ್ಯಾರ್ಥಿಗಳಿಗೆ ‘ಹರಡು’ ಎಂದರೆ ಚಾಪೆ ಹರಡುವ, ಸುದ್ದಿ ಹರಡುವ ಕ್ರಿಯಾಪದವಷ್ಟೇ ಗೊತ್ತು. ನಾಮಪದವು ಬಳಕೆಯಿಂದ ಜಾರುತ್ತಿದೆ. ಕೆಲವೆಡೆ ‘ಕಣಕಾಲು’ ಎನ್ನುವರು, ಕೆಲವೆಡೆ ‘ಕಾಲಿನ ಗಂಟು’ ಎನ್ನುವರು, ಪಟ್ಟಣಿಗರು ‘ಆಂಕಲ್’ ಎಂದುಬಿಡುವರು. ಯಾವ ಹೆಸರಿನಿಂದ ಕರೆದರೂ ಅಂಗವು ಒಂದೇ, ಅದರ ನೋವೂ ಒಂದೇ.

ನಾಡಿನ ಹಿಂದಿನ ಬಾಳಿನಲ್ಲಿ ಈ ಅಂಗಕ್ಕೆ ಸಣ್ಣ ಮರ್ಯಾದೆಯೇನೂ ಇರಲಿಲ್ಲ. ಹೆಣ್ಣುಮಕ್ಕಳ ಅಂದುಗೆ, ಕಾಲ್ಗೆಜ್ಜೆ, ಕಾಲ್ಕಡಗಗಳು ನಿಲ್ಲುವುದು ಇದರ ಆಸರೆಯಿಂದ. ವೀರರಿಗೂ ವಿದ್ವಾಂಸರಿಗೂ ಬಿರುದಾಗಿ ತೊಡಿಸುತ್ತಿದ್ದ ಗಂಡಪೆಂಡಾರವು ನಿಂತುದೂ ಇಲ್ಲಿಯೇ. ಆಭರಣದ ಮಾತು ಬಂದುದರಿಂದ ಉಪಚಾರದ ಒಂದು ಮುಖ್ಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಹರಡಿಗೆ ಪೆಟ್ಟು ಬಿದ್ದ ಕೂಡಲೆ ಕಾಲ್ಗೆಜ್ಜೆ, ಕಡಗ, ಕಾಲುಂಗುರಗಳನ್ನು ಬಾವು ಏರುವುದಕ್ಕೆ ಮೊದಲೇ ಕಳಚಬೇಕು. ಅರ್ಧ ಗಳಿಗೆ ತಡವಾದರೆ ಅವು ಬಾತ ಮಾಂಸದಲ್ಲಿ ಹುದುಗಿ, ಅಕ್ಕಸಾಲಿಗನನ್ನೋ ಕತ್ತರಿಸುವ ಉಪಕರಣವನ್ನೋ ಅರಸಬೇಕಾಗುತ್ತದೆ.

ಹರಡಿನ ರಚನೆಯನ್ನು ತಿಳಿಯದೆ ಅದರ ಉಳುಕನ್ನು ತಿಳಿಯಲಾಗದು. ಮೊಳಕಾಲಿನ ಕೆಳಗೆ ಎರಡು ಎಲುಬುಗಳಿವೆ. ಒಳಗಡೆಯ ದಪ್ಪನೆಯದು ಟಿಬಿಯ. ಮೈಯ ಭಾರವನ್ನು ಬಹುಪಾಲು ಹೊರುವುದು ಇದೇ. ಹೊರಗಡೆಯ ಸಪುರವಾದುದು ಫಿಬುಲ. ಈ ಎರಡರ ತುದಿಗಳೂ ಕೆಳಗೆ ಇಳಿದು ಕವಣೆಯಂತೆ, ಅಥವಾ ಬಡಗಿಯು ಕೊರೆದ ಕಚ್ಚಿನಂತೆ, ಒಂದು ಎಡೆಯನ್ನು ಮಾಡಿವೆ. ಆ ಕಚ್ಚಿನಲ್ಲಿ ಟೇಲಸ್ ಎಂಬ ಮೂರನೆಯ ಎಲುಬು ಕುಳಿತಿದೆ. ಟೇಲಸ್ಸಿಗೆ ಒಂದು ವಿಶೇಷವುಂಟು: ಯಾವ ಮಾಂಸಖಂಡವೂ ಅದಕ್ಕೆ ಅಂಟಿಕೊಂಡಿಲ್ಲ, ಅದರ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗವು ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿದೆ. ಮೇಲಿನವರ ಭಾರವನ್ನು ಕೆಳಗಿನವರಿಗೆ ದಾಟಿಸುವುದೇ ಅದರ ಕೆಲಸ, ತಾನಾಗಿ ಯಾವುದನ್ನೂ ಎಳೆಯದು. ಅದನ್ನು ತನ್ನ ಎಡೆಯಲ್ಲಿ ಹಿಡಿದು ನಿಲ್ಲಿಸುವುವು ಅಸ್ಥಿರಜ್ಜುಗಳು, ಎಂದರೆ ಎಲುಬನ್ನು ಎಲುಬಿಗೆ ಬಿಗಿಯುವ ಗಟ್ಟಿ ನಾರಿನ ಪಟ್ಟಿಗಳು.

ಒಳಗಡೆಯಲ್ಲಿ ಈ ಪಟ್ಟಿಯು ಮುಮ್ಮೂಲೆಯ ಆಕಾರದಲ್ಲಿ ದಪ್ಪನಾಗಿ ಹಬ್ಬಿದೆ. ಹೊರಗಡೆಯಲ್ಲಿ ಮೂರು ಬಿಡಿ ಪಟ್ಟಿಗಳಿವೆ. ಅವುಗಳಲ್ಲಿ ಮುಂದಿನದು ಎಲ್ಲಕ್ಕಿಂತ ದುರ್ಬಲ. ಇದಲ್ಲದೆ, ಹೊರಗಿನ ಎಲುಬಿನ ಗಂಟು ಒಳಗಿನದಕ್ಕಿಂತ ಕೆಳಕ್ಕೆ ಇಳಿದಿದೆ. ಆದುದರಿಂದ ಪಾದವು ಹೊರಮಗ್ಗುಲಿಗೆ ಹೊರಳುವುದನ್ನು ಅದು ತಡೆಯುತ್ತದೆ, ಒಳಮಗ್ಗುಲಿಗೆ ಮಡಚುವುದನ್ನು ತಡೆಯುವವರು ಅಷ್ಟು ಗಟ್ಟಿಯಾಗಿಲ್ಲ. ಟೇಲಸ್ಸಿನ ಮುಂಭಾಗವು ಅಗಲ, ಹಿಂಭಾಗವು ಕಿರಿದು. ಪಾದವನ್ನು ಮೇಲಕ್ಕೆತ್ತಿದಾಗ ಅಗಲವಾದ ಭಾಗವು ಕಚ್ಚಿನಲ್ಲಿ ಬಿಗಿಯಾಗಿ ಕೂರುತ್ತದೆ. ಬೆರಳಿನ ಮೇಲೆ ನಿಂತಾಗ ಕಿರಿದಾದ ಭಾಗವು ಬಂದು ಕೀಲು ಸಡಿಲವಾಗುತ್ತದೆ. ಜಿಗಿದು ಇಳಿಯುವವನ, ಮೆಟ್ಟಿಲಿಳಿಯುವವನ, ಬದುವಿನಿಂದ ಗದ್ದೆಗೆ ಕಾಲಿಡುವವನ ಪಾದವು ಬೆರಳಿನ ತುದಿಯಿಂದಲೇ ನೆಲವನ್ನು ಮುಟ್ಟುವುದಷ್ಟೆ. ಆ ಕ್ಷಣದಲ್ಲಿ ಕಲ್ಲೋ ಕುಳಿಯೋ ಸಿಕ್ಕಿದರೆ ಪಾದವು ಒಳಕ್ಕೆ ಮಡಚಿ, ಮೈಭಾರವೆಲ್ಲ ಹೊರಗಿನ ಮುಂಪಟ್ಟಿಯ ಮೇಲೆ ಬಿದ್ದು, ಅದು ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಉಳುಕು ಎಂಬುದು ಇದೇ. ನೂರಕ್ಕೆ ಬಹುಪಾಲು ಉಳುಕುಗಳು ಹೊರಮಗ್ಗುಲಿನವಾಗಿರುವುದಕ್ಕೆ ಕಾರಣವೂ ಇದೇ.

ಶಾಲೆಯ ಆಟದ ಬಯಲಿನಲ್ಲಿ ಇದಕ್ಕೆ ಅವಕಾಶಗಳು ಹಲವು. ಖೋಖೋ ಆಟದಲ್ಲಿ ಕಂಬವನ್ನು ಹಿಡಿದು ತಿರುಗುವಾಗ ಮೈ ಒಂದು ದಿಕ್ಕಿಗೆ, ಪಾದ ಇನ್ನೊಂದು ದಿಕ್ಕಿಗೆ ಆಗುತ್ತದೆ. ಕಬಡ್ಡಿಯಲ್ಲಿಯಂತೂ ದಾಳಿಗೆ ಬಂದವನ ಹರಡನ್ನೇ ಎರಡು ಕೈಗಳಿಂದ ಹಿಡಿದು ನಿಲ್ಲಿಸುವುದು ಒಂದು ಪ್ರಸಿದ್ಧವಾದ ಪಟ್ಟು. ಪಾದವು ಸೆರೆಯಾಗಿ ಮೈ ಮಾತ್ರ ಮುಂದಕ್ಕೆ ನುಗ್ಗಿದರೆ ಕೀಲಿನ ಗತಿ ಏನೆಂಬುದನ್ನು ಊಹಿಸಬಹುದು. ಆಟವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಉಳುಕಿದ ಮೇಲೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಕೂಡದು ಎಂಬುದು ತಿಳಿದಿರಬೇಕು.

ನಾಡಿನ ಹಳ್ಳಿಗಳಲ್ಲಿ ಉಳುಕಿದ ಕಾಲಿಗೆ ಮೊದಲು ಸಿಗುವ ಉಪಚಾರ ತಿಕ್ಕುವುದು. ಕಾಲು ಉಳುಕಿತೆಂದು ಮಗು ಅಳುತ್ತ ಬಂದರೆ, ಉಳುಕು ತೆಗೆಯುವವರೆಂದು ಹೆಸರಾದ ಹಿರಿಯರೊಬ್ಬರು ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ನೀವಿ, ಕೊನೆಗೆ ಪಾದವನ್ನು ಹಿಡಿದು ಚಟಕ್ಕೆಂದು ಎಳೆಯುವರು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿದರೆ ಉಳುಕು ಬಿಡುವುದೆಂಬ ನಂಬಿಕೆಯೂ ಉಂಟು. ಅದು ಸೊಂಟಕ್ಕೆ ಮೀಸಲಾದುದರಿಂದ ಹರಡು ಹೇಗೋ ಬದುಕಿಕೊಂಡಿದೆ. ಈ ತಿಕ್ಕುವಿಕೆಯು ಪುರಾತನರ ಶಾಸ್ತ್ರವೆಂದೂ, ಬೇಡವೆನ್ನುವುದು ಹೊಸ ವೈದ್ಯರ ಹಟವೆಂದೂ ಹಲವರು ತಿಳಿದಿದ್ದಾರೆ. ಶಾಸ್ತ್ರವು ಹೇಳುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಸುಶ್ರುತಸಂಹಿತೆಯು ಶರೀರದಲ್ಲಿ 107 ಮರ್ಮಸ್ಥಾನಗಳನ್ನು ಎಣಿಸಿ ಅವುಗಳನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ 8 ‘ರುಜಾಕರ’, ಎಂದರೆ ಪ್ರಾಣವನ್ನು ತೆಗೆಯದೆ ನೋವನ್ನು ಉಂಟುಮಾಡತಕ್ಕವು. ಎರಡು ಗುಲ್ಫಗಳೂ ಆ ಎಂಟರಲ್ಲಿ ಸೇರಿವೆ. ಗುಲ್ಫಕ್ಕೆ ಪೆಟ್ಟಾದರೆ ನೋವು, ಪಾದದ ಮರಗಟ್ಟುವಿಕೆ, ಇಲ್ಲವೆ ಕುಂಟುತನ ಉಂಟಾಗುವುದೆಂದು ಅಲ್ಲಿ ಹೇಳಿದೆ. ಹೆಜ್ಜೆಯನ್ನು ಏರುಪೇರಾಗಿ ಇಟ್ಟುದರಿಂದ ಬರುವ ನೋವನ್ನು ‘ವಾತಕಂಟಕ’ವೆಂದು ಬೇರೆಯಾಗಿ ಹೆಸರಿಸಿದೆ. ಕೀಲುಗಳ ಪೆಟ್ಟನ್ನು ಕುರಿತ ಚಿಕಿತ್ಸಾಭಾಗದಲ್ಲಿ ಜಜ್ಜಿದ ಕೀಲು, ಸಡಿಲಿದ ಕೀಲು ಇವನ್ನು ವೈದ್ಯನು ‘ಘಟ್ಟನ’ ಮಾಡಕೂಡದು, ತಣ್ಣನೆಯ ನೀರೆರೆಯಬೇಕು, ಲೇಪಗಳನ್ನು ಹಚ್ಚಬೇಕು ಎಂಬುದು ವಿಧಿ. ಘಟ್ಟನವೆಂದರೆ ಅಲ್ಲಾಡಿಸುವುದು, ಉಜ್ಜುವುದು, ಕಲಕುವುದು. ಹಾಗಾದರೆ ಹಸಿಯ ಉಳುಕನ್ನು ತಿಕ್ಕಿ ಎಳೆಯುವ ಪದ್ಧತಿಯು ಪುರಾತನ ಶಾಸ್ತ್ರದ್ದಲ್ಲ, ಶಾಸ್ತ್ರವು ಸ್ಪಷ್ಟವಾಗಿ ಬೇಡವೆಂದುದು. ಬಿಸಿನೀರಿನ ಶಾಖವನ್ನು ಮೊದಲ ದಿನವೇ ಕೊಡುವ ರೂಢಿಯ ವಿಷಯವೂ ಹಾಗೆಯೇ. ಸುಶ್ರುತನು ಹೇಳಿದುದು ತಂಪನ್ನು.

ಹೊಸ ವೈದ್ಯಶಾಸ್ತ್ರವು ಕೊಡುವ ಕಾರಣವೂ ಸರಳವಾಗಿದೆ. ಹರಿದ ಪಟ್ಟಿಯಿಂದ ರಕ್ತವು ಸ್ರವಿಸುತ್ತಿರುವಾಗ ತಿಕ್ಕಿದರೂ ಕಾಯಿಸಿದರೂ ಸ್ರಾವವು ಹೆಚ್ಚುತ್ತದೆ, ಬಾವು ಬಲಿಯುತ್ತದೆ. ಅರ್ಧ ಹರಿದುದು ಎಳೆತದಿಂದ ಪೂರ್ತಿ ಹರಿಯಬಹುದು. ಎಲುಬು ಬಿರುಕು ಬಿಟ್ಟಿದ್ದರೆ ಬಿರುಕು ಬಾಯಿಬಿಡಬಹುದು. ಎಳೆದಾಗ ಕೇಳುವ ‘ಚಟಕ್’ ಶಬ್ದವು ಉಳುಕು ಬಿಟ್ಟ ಶಬ್ದವೆಂದು ಜನರು ಹಿಗ್ಗುವರು. ಉಳುಕಿನಲ್ಲಿ ಬಿಡಿಸಬೇಕಾದ ಗಂಟು ಯಾವುದೂ ಇಲ್ಲ, ಕೂಡಬೇಕಾದ ಹರಕು ಮಾತ್ರ ಇದೆ.

ಬೆಳೆಯುವ ಮಕ್ಕಳ ಸಂಗತಿ ಇನ್ನೂ ಸೂಕ್ಷ್ಮವಾದುದು. ಶಾಲೆಯ ಅಧ್ಯಾಪಕರೂ ತಂದೆತಾಯಿಗಳೂ ಇದನ್ನು ಗಮನವಿಟ್ಟು ಓದಬೇಕು. ಮಕ್ಕಳ ಉದ್ದ ಎಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ತೆಳುವಾದ ತಟ್ಟೆಯೊಂದಿರುತ್ತದೆ. ಎಲುಬು ಉದ್ದಕ್ಕೆ ಬೆಳೆಯುವುದು ಇಲ್ಲಿಂದಲೇ. ಟಿಬಿಯದ ಕೆಳತುದಿಯಲ್ಲಿರುವ ಈ ಬೆಳವಣಿಗೆಯ ತಟ್ಟೆಯು ಹುಡುಗಿಯರಲ್ಲಿ ಸುಮಾರು 14ನೆಯ ವಯಸ್ಸಿಗೆ, ಹುಡುಗರಲ್ಲಿ ಸುಮಾರು 16ನೆಯ ವಯಸ್ಸಿಗೆ ಗಟ್ಟಿಯಾಗಿ ಎಲುಬಿನೊಡನೆ ಒಂದಾಗುತ್ತದೆ. ಅಲ್ಲಿಯವರೆಗೆ ಅದು ಸುತ್ತಲಿನ ಅಸ್ಥಿರಜ್ಜುಗಳಿಗಿಂತ ದುರ್ಬಲ. ದೊಡ್ಡವರಲ್ಲಿ ಪಟ್ಟಿ ಹರಿಯುವಂತಹ ಪೆಟ್ಟಿಗೆ ಮಕ್ಕಳಲ್ಲಿ ಪಟ್ಟಿ ಹರಿಯದೆ ತಟ್ಟೆಯೇ ಒಡೆಯಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಬಾವು, ನೋವು, ಕುಂಟು. ಕೆನಡ ದೇಶದ ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ಮೂಳೆವೈದ್ಯರು 1963ರಲ್ಲಿ ಈ ತಟ್ಟೆಯ ಮುರಿತಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಆ ವಿಂಗಡಣೆಯೇ ಇಂದಿಗೂ ಎಲ್ಲೆಡೆ ನಡೆಯುತ್ತಿದೆ. ಕೆಲವು ಬಗೆಗಳು ಸುಲಭವಾಗಿ ಕೂಡುವುವು. ಕೆಲವು ಬಗೆಗಳಲ್ಲಿ ತಟ್ಟೆಯ ಒಂದು ಪಕ್ಕದ ಬೆಳವಣಿಗೆ ನಿಂತು ಇನ್ನೊಂದು ಪಕ್ಕವು ಬೆಳೆಯುತ್ತ ಹೋಗಿ, ವರ್ಷ ಕಳೆದಂತೆ ಪಾದವು ವಾರೆಯಾಗುತ್ತದೆ, ಇಲ್ಲವೆ ಕಾಲು ಗಿಡ್ಡವಾಗುತ್ತದೆ. ಹನ್ನೆರಡು ವರ್ಷದ ಮಗುವಿನ ಉಳುಕನ್ನು ‘ತೆಗೆಯಲು’ ಪಾದವನ್ನು ಹಿಡಿದು ಎಳೆಯುವವರ ಸದುದ್ದೇಶದಲ್ಲಿ ಸಂಶಯವಿಲ್ಲ. ಆದರೆ ಅವರು ಎಳೆಯುತ್ತಿರುವುದು ಆ ಮಗುವಿನ ಮುಂದಿನ ನಡಿಗೆಯನ್ನು. ತಟ್ಟೆಯ ಬಿರುಕು ಮೊದಲ ಕ್ಷಕಿರಣ ಚಿತ್ರದಲ್ಲಿ ಕಾಣದಿರುವುದೂ ಉಂಟು. ಆದುದರಿಂದ ಎಲುಬಿನ ತುದಿಯನ್ನು ಒತ್ತಿದಾಗ ಮಗುವಿಗೆ ತುಂಬ ನೋಯುತ್ತಿದ್ದರೆ, ಚಿತ್ರವು ಸರಿಯಾಗಿದ್ದರೂ ವೈದ್ಯರು ಕಾಲನ್ನು ಕಟ್ಟಿ ಒಂದೆರಡು ವಾರದ ಮೇಲೆ ಮತ್ತೆ ಪರೀಕ್ಷಿಸುವರು. ಅದನ್ನು ಅನಾವಶ್ಯಕ ಖರ್ಚೆಂದು ತಿಳಿಯಕೂಡದು.

ಹಾಗಾದರೆ ಉಳುಕಿದ ಪ್ರತಿಯೊಬ್ಬನೂ ಕ್ಷಕಿರಣಕ್ಕಾಗಿ ಪಟ್ಟಣಕ್ಕೆ ಓಡಬೇಕೆ? ಬೇಕಾಗಿಲ್ಲ. ಈ ಪ್ರಶ್ನೆಗೆ ಕೆನಡದ ರಾಜಧಾನಿ ಒಟ್ಟಾವದಲ್ಲಿ ಇಯಾನ್ ಸ್ಟೀಲ್ ಎಂಬ ವೈದ್ಯರೂ ಅವರ ಸಂಗಡಿಗರೂ 1992ರಲ್ಲಿ ಒಂದು ಸುಂದರವಾದ ಉತ್ತರವನ್ನು ಕೊಟ್ಟರು. ಅದು ‘ಒಟ್ಟಾವ ನಿಯಮ’ವೆಂದು ಪ್ರಸಿದ್ಧವಾಗಿದೆ. ಅದನ್ನು ತಿಳಿಯಲು ಯಂತ್ರ ಬೇಡ, ಒಂದು ಬೆರಳು ಸಾಕು. ಹೊರಗಿನ ಹರಡುಗಂಟಿನ ತುದಿಯನ್ನೂ, ಅಲ್ಲಿಂದ ಮೇಲಕ್ಕೆ ಸುಮಾರು 6 ಸೆಂಟಿಮೀಟರಿನಷ್ಟು ಆ ಎಲುಬಿನ ಹಿಂದಿನ ಅಂಚನ್ನೂ ಒತ್ತಿ ನೋಡಬೇಕು. ಒಳಗಿನ ಗಂಟನ್ನೂ ಹಾಗೆಯೇ. ಬಳಿಕ ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನಿಂದ ಹಿಂದಕ್ಕೆ ಬಂದರೆ ನಡುವೆ ಸಿಗುವ ಉಬ್ಬನ್ನು ಒತ್ತಬೇಕು. ಪಾದದ ಒಳಮಗ್ಗುಲಿನಲ್ಲಿ ಹರಡಿನ ಮುಂದಿರುವ ದೋಣಿಯಾಕಾರದ ಎಲುಬನ್ನು ಒತ್ತಬೇಕು. ಈ ಎಡೆಗಳಲ್ಲಿ ಎಲುಬಿನ ಮೇಲೆಯೇ ನೋವಿದ್ದರೆ ಚಿತ್ರ ತೆಗೆಸುವುದು ಅವಶ್ಯ. ಪೆಟ್ಟಾದ ಕೂಡಲೂ ವೈದ್ಯರ ಮುಂದೆಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಆಗಲೂ ಅವಶ್ಯ. ಕುಂಟುತ್ತ ಇಟ್ಟ ಹೆಜ್ಜೆಯೂ ಹೆಜ್ಜೆಯೇ. ನೋವು ಎಲುಬಿನ ಮೇಲಿಲ್ಲದೆ ಅದರ ಮುಂದಿನ ಮೆದುವಾದ ಗುಳಿಯಲ್ಲಿದ್ದು, ನಾಲ್ಕು ಹೆಜ್ಜೆ ನಡೆಯಲೂ ಬಂದರೆ, ಮುರಿತವಿರುವ ಸಂಭವ ಬಹಳ ಕಡಿಮೆ. ಪಾದದ ಅರಿವು ಕುಂದಿದವರಿಗೂ ಮದ್ಯಪಾನ ಮಾಡಿದವರಿಗೂ ಈ ನಿಯಮ ಅನ್ವಯಿಸದು. ತೀರ ಚಿಕ್ಕ ಮಕ್ಕಳ ವಿಷಯದಲ್ಲಿಯೂ ಇದನ್ನು ನಂಬಿ ಕೂರಬಾರದು.

ಪಾದವು ಕಣ್ಣಿಗೆ ಕಾಣುವಂತೆ ವಾರೆಯಾಗಿದ್ದರೆ, ಎಲುಬು ಚರ್ಮವನ್ನು ತೂರಿ ಬಂದಿದ್ದರೆ, ಬೆರಳುಗಳು ತಣ್ಣಗಾಗಿ ಬಿಳಿಚಿಕೊಂಡರೆ ಅಥವಾ ಜೋಮು ಹಿಡಿದರೆ ಯಾವ ನಿಯಮವನ್ನೂ ನೋಡದೆ ಆಸ್ಪತ್ರೆಗೆ ಒಯ್ಯಬೇಕು. ಒಯ್ಯುವ ರೀತಿಯಲ್ಲಿಯೂ ವಿವೇಕ ಬೇಕು. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬಾತನು 1756ರಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡನು. ಯಾರೂ ತನ್ನನ್ನು ಎತ್ತಿ ನಿಲ್ಲಿಸಕೂಡದೆಂದು ತಡೆದು, ಅಲ್ಲಿಯೇ ಒಂದು ಬಾಗಿಲನ್ನು ಕೊಂಡು ತರಿಸಿ, ಅದಕ್ಕೆ ಬೊಂಬುಗಳನ್ನು ಹೊಡೆಸಿ, ಅದರ ಮೇಲೆ ಮಲಗಿ ಮನೆಗೆ ಹೊರಿಸಿಕೊಂಡು ಹೋದನೆಂದು ಪ್ರಸಿದ್ಧಿ. ಆ ಕಾಲು ಉಳಿಯಿತು. ಹರಡಿನ ಒಂದು ಬಗೆಯ ಮುರಿತಕ್ಕೆ ಈಗಲೂ ಅವನ ಹೆಸರಿದೆ. ಅವನು 1768ರಲ್ಲಿ ಬರೆದ ಗ್ರಂಥದಲ್ಲಿ ಅದರ ವರ್ಣನೆಯಿದೆ, ಅವನ ಸ್ವಂತ ಕಾಲಿನ ಮುರಿತವು ಮಾತ್ರ ಆ ಬಗೆಯದಲ್ಲ. ಬಾಗಿಲು ಸಿಗದ ಕಡೆ ಇಬ್ಬರು ಹುಡುಗರು ಕೈಗೆ ಕೈ ಕೋಸಿ ಮಾಡುವ ಪಲ್ಲಕ್ಕಿಯಾದರೂ ಆದೀತು. ಪಾದದ ಎರಡು ಕಡೆಗೂ ಮಡಿಸಿದ ಕಂಬಳಿ ಅಥವಾ ದಿಂಬನ್ನಿಟ್ಟು, ಅಲುಗದಂತೆ ಬಟ್ಟೆಯಿಂದ ಸಡಿಲವಾಗಿ ಕಟ್ಟಬೇಕು. ವಾರೆಯಾದುದನ್ನು ನೆಟ್ಟಗೆ ಮಾಡುವ ಸಾಹಸವನ್ನು ದಾರಿಯಲ್ಲಿ ಯಾರೂ ಮಾಡಬಾರದು.

ಕಟ್ಟಿನ ಮಾತು ಬಂದಾಗ ನಾಟಿ ಕಟ್ಟುಗಾರರನ್ನು ನೆನೆಯದಿರಲಾಗದು. ಆಂಧ್ರದ ಪುತ್ತೂರಿನ ಕಟ್ಟಿನ ಹೆಸರು ಕನ್ನಡ ನಾಡಿನ ಊರೂರಿನಲ್ಲಿಯೂ ಫಲಕವಾಗಿ ತೂಗುತ್ತದೆ. ಅವರಲ್ಲಿ ಕೈಗುಣವುಳ್ಳವರಿರುವರು, ಅವರಿಂದ ಕಾಲು ಕೂಡಿದವರೂ ಇದ್ದಾರೆ. ಆದರೆ ಬಿದಿರಿನ ದಬ್ಬೆಯನ್ನಿಟ್ಟು ಬಿಗಿಯಾಗಿ ಸುತ್ತಿದ ಕಟ್ಟಿನ ಕೆಳಗೆ ಬಾವು ಏರಿ, ರಕ್ತವು ಹರಿಯದೆ, ಪಾದವು ಕೊಳೆತು ಕತ್ತರಿಸಬೇಕಾಗಿ ಬಂದ ಉದಾಹರಣೆಗಳೂ ವೈದ್ಯರಿಗೆ ಗೊತ್ತು. ಈ ಅಪಾಯವನ್ನು ಸುಶ್ರುತನೂ ಕಂಡಿದ್ದನು. ಅತ್ತಿ, ಅಶ್ವತ್ಥ, ಮುತ್ತುಗ, ಆಲ, ಬಿದಿರು ಮೊದಲಾದವುಗಳ ತೊಗಟೆ ದಬ್ಬೆಗಳಿಂದ ಕಟ್ಟಬೇಕೆಂದು ಹೇಳಿ, ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು ನೋವು ಕೀವುಗಳಾಗುವುವು ಎಂದು ಎಚ್ಚರಿಸಿದ್ದಾನೆ. ತಂಪು ಕಾಲದಲ್ಲಿ 7 ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ 5 ದಿನಕ್ಕೊಮ್ಮೆ, ಬೇಸಗೆಯಲ್ಲಿ 3 ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಕಟ್ಟಬೇಕೆಂಬುದು ಅವನ ವಿಧಿ. ಯಾರು ಕಟ್ಟಿದ ಕಟ್ಟೇ ಆಗಲಿ, ಬೆರಳಿನ ಉಗುರನ್ನು ಒತ್ತಿ ಬಿಟ್ಟಾಗ ಕೆಂಪು ಕೂಡಲೆ ಮರಳದಿದ್ದರೆ, ನೋವು ತಗ್ಗದೆ ಏರುತ್ತಿದ್ದರೆ, ಆ ಗಳಿಗೆಯಲ್ಲಿಯೇ ಬಿಚ್ಚಿಸಬೇಕು. ಬೆಳಗಾಗಲಿ ಎಂದು ಕಾಯಕೂಡದು.

ಮುರಿತವಿಲ್ಲದ ಉಳುಕಿಗೆ ಮನೆಯಲ್ಲಿಯೇ ಉಪಚಾರ ಸಾಧ್ಯ. ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯರು 1978ರಲ್ಲಿ ಇದನ್ನು ‘ರೈಸ್’ ಎಂಬ ಒಂದು ಮಾತಿನಲ್ಲಿ ಅಡಗಿಸಿದರು: ರೆಸ್ಟ್, ಐಸ್, ಕಂಪ್ರೆಷನ್, ಎಲಿವೇಷನ್, ಎಂದರೆ ವಿಶ್ರಾಂತಿ, ತಂಪು, ಒತ್ತುಕಟ್ಟು, ಎತ್ತರ. ಜಗತ್ತೆಲ್ಲ ಅದನ್ನು ಬಾಯಿಪಾಠ ಮಾಡಿತು. ಮುಂದೆ ಅದೇ ವೈದ್ಯರು ಹಿಮವನ್ನು ಬಹಳ ಹೊತ್ತು ಇಡುವುದರಿಂದ ಗಾಯವು ಮಾಗುವುದು ತಡವಾಗಬಹುದೆಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ವಿಶ್ರಾಂತಿಯ ವಿಷಯದಲ್ಲಿಯೂ ಅಭಿಪ್ರಾಯ ಬದಲಾಗಿದೆ. ಕೆನಡದ ಇಬ್ಬರು ಚಿಕಿತ್ಸಕರು 2019ರಲ್ಲಿ ‘ಪೀಸ್’ ಮತ್ತು ‘ಲವ್’ ಎಂಬ ಎರಡು ಹೊಸ ಸೂತ್ರಗಳನ್ನು ಮುಂದಿಟ್ಟು, ಮೊದಲ ದಿನಗಳ ರಕ್ಷಣೆಯ ಬಳಿಕ ಕಾಲಿಗೆ ಹಂತಹಂತವಾಗಿ ಭಾರವನ್ನೂ ಚಲನೆಯನ್ನೂ ಕೊಡಬೇಕೆಂದು ವಿವರಿಸಿದರು. ಉಳುಕಿಗೆ ಶಾಂತಿಯೂ ಪ್ರೀತಿಯೂ ಮದ್ದೆಂದು ಪಶ್ಚಿಮದವರು ಸೂತ್ರ ಕಟ್ಟುವ ಕಾಲ ಬಂದುದು ಸಂತೋಷವೇ.

ಆಚರಣೆಯಲ್ಲಿ ಮಾಡತಕ್ಕದ್ದು ಇಷ್ಟು. ಆಟವನ್ನು ಕೂಡಲೆ ನಿಲ್ಲಿಸಬೇಕು. ‘ಇನ್ನೊಂದು ಸರದಿ ಮುಗಿಸಿ ಬರುವೆ’ ಎಂಬ ಹುಮ್ಮಸ್ಸು ಒಂದು ವಾರದ ನೋವನ್ನು ಒಂದೂವರೆ ತಿಂಗಳಿಗೆ ಬೆಳೆಸುತ್ತದೆ. ಹಿಮದ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಟ್ಟು ತೆಗೆಯಬೇಕು. ಮೊದಲ ಎರಡು ದಿನ, ಎಚ್ಚರವಿರುವ ಹೊತ್ತಿನಲ್ಲಿ, ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಿದರೆ ನೋವು ತಗ್ಗುತ್ತದೆ. ಬರಿಯ ಚರ್ಮಕ್ಕೆ ಹಿಮವನ್ನು ತಾಗಿಸಿದರೆ ಸುಟ್ಟಂತೆ ಆಗುವುದು. ಹಿಮ ದೊರೆಯದ ಹಳ್ಳಿಯಲ್ಲಿ ಮಡಕೆಯ ನೀರಿನಲ್ಲಿ ಅದ್ದಿದ ಬಟ್ಟೆಯೂ ಸಾಕು. ಬೆರಳಿನ ಬುಡದಿಂದ ಮೇಲಕ್ಕೆ, ಹಿಗ್ಗುವ ಪಟ್ಟಿಯನ್ನು ಹಿತವಾಗಿ ಸುತ್ತಬೇಕು. ರಾತ್ರಿ ಮಲಗುವಾಗ ಅದನ್ನು ಸಡಿಲಿಸಬೇಕು. ಪಾದವು ಎದೆಗಿಂತ ಎತ್ತರವಾಗಿರುವಂತೆ ದಿಂಬನ್ನಿಟ್ಟು ಮಲಗಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುವುದು. ಇತರ ನೋವಿನ ಮಾತ್ರೆಗಳನ್ನು ಜಠರದ ಹುಣ್ಣು, ಮೂತ್ರಪಿಂಡದ ಕಾಯಿಲೆ, ಉಬ್ಬಸಗಳುಳ್ಳವರು ವೈದ್ಯರನ್ನು ಕೇಳದೆ ನುಂಗಬಾರದು. ಹುಣಸೆಯ ರಸಕ್ಕೆ ಉಪ್ಪು ಬೆರಸಿ ಕುದಿಸಿ ಹಾಕುವ ಪಟ್ಟಿನಿಂದ, ಅದು ಆರಿದ ಮೇಲೆ ಹಚ್ಚಿದರೆ, ಕೇಡೇನೂ ಇಲ್ಲ. ಸುಣ್ಣವನ್ನು ಬೆರಸುವವರು ಮಾತ್ರ ಚರ್ಮವು ಬೆಂದುಹೋಗುವುದನ್ನು ನೆನಪಿಡಬೇಕು.

ಉಳುಕಿನಲ್ಲಿ ಮೂರು ತರಗಳುಂಟು. ಪಟ್ಟಿಯು ಹಿಗ್ಗಿದ್ದು ಮಾತ್ರವಾದರೆ ಒಂದೆರಡು ವಾರದಲ್ಲಿ ವಾಸಿ. ಅರ್ಧ ಹರಿದಿದ್ದರೆ ಬಾವಿನೊಡನೆ ಚರ್ಮವು ಕಪ್ಪುನೀಲಿಯಾಗುವುದು, ಮೂರರಿಂದ ಆರು ವಾರ ಬೇಕು. ಪೂರ್ತಿ ಹರಿದಿದ್ದರೆ ಕೀಲು ಸಡಿಲವಾಗಿ ಅಲುಗುವುದು, ತಿಂಗಳುಗಳೇ ಹಿಡಿಯಬಹುದು. ಮೂರನೆಯ ತರದಲ್ಲಿಯೂ ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ಇಂಗ್ಲೆಂಡಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಬಲವಾದ ಉಳುಕಿಗೆ ಬರಿಯ ಹಿಗ್ಗುಪಟ್ಟಿಗಿಂತ ಮೊಳಕಾಲಿನ ಕೆಳಗೆ 10 ದಿನಗಳ ಮಟ್ಟಿಗೆ ಹಾಕಿದ ಗಟ್ಟಿ ಕಟ್ಟು ಬೇಗ ಗುಣ ಕೊಟ್ಟಿತೆಂದು ಕಂಡುಬಂದಿದೆ. ಹತ್ತು ದಿನ ಎಂಬುದನ್ನು ಗಮನಿಸಬೇಕು. ಹಿಂದಿನಂತೆ ಆರು ವಾರ ಗಾರೆಯಲ್ಲಿ ಹುದುಗಿಸಿಟ್ಟರೆ ಕೀಲು ಮರಗಟ್ಟಿ ಮೀನಖಂಡವು ಬತ್ತುತ್ತದೆ.

ನೋವು ಹೋದೊಡನೆ ವಾಸಿಯಾಯಿತೆಂದು ತಿಳಿಯುವುದು ಎಲ್ಲರೂ ಮಾಡುವ ತಪ್ಪು. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದೇಕೆ? ಲಂಡನ್ನಿನ ಫ್ರೀಮನ್ ಎಂಬ ವೈದ್ಯರೂ ಅವರ ಸಂಗಡಿಗರೂ 1965ರಲ್ಲಿ ಇದನ್ನು ಪರಿಶೀಲಿಸಿದರು. ಅಸ್ಥಿರಜ್ಜುವು ಬರಿಯ ಹಗ್ಗವಲ್ಲ. ಪಾದವು ಎಷ್ಟು ಓರೆಯಾಗಿದೆ ಎಂಬುದನ್ನು ಮಿದುಳಿಗೆ ಸುದ್ದಿ ಮುಟ್ಟಿಸುವ ನರತಂತುಗಳು ಅದರಲ್ಲಿವೆ. ಪಟ್ಟಿ ಹರಿದಾಗ ಆ ಸುದ್ದಿಗಾರರೂ ಹರಿಯುವರು. ಪಟ್ಟಿ ಕೂಡಿದರೂ ಸುದ್ದಿ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ಪಾದವು ಮತ್ತೆ ಮಡಚಿರುತ್ತದೆ. ಆದುದರಿಂದ ಕಾಲಿಗೆ ಸಮತೂಕವನ್ನು ಮತ್ತೆ ಕಲಿಸಬೇಕು ಎಂಬುದು ಅವರ ನಿರ್ಣಯ. ಇದಕ್ಕೆ ಒಂಟಿಕಾಲಿನಲ್ಲಿ ನಿಲ್ಲುವುದೇ ಮುಖ್ಯ ಸಾಧನೆ. ಮೊದಲು ಗೋಡೆಯನ್ನು ಹಿಡಿದು, ಬಳಿಕ ಬಿಟ್ಟು, ಆ ಬಳಿಕ ಕಣ್ಣು ಮುಚ್ಚಿ, ಅರ್ಧ ನಿಮಿಷದಂತೆ ದಿನಕ್ಕೆ ಹಲವು ಸಲ ನಿಲ್ಲಬೇಕು. ಕಣ್ಣು ಮುಚ್ಚಿದೊಡನೆ ಉಳುಕಿದ ಕಾಲು ತೂರಾಡುವುದನ್ನು ಕಂಡರೆ ಫ್ರೀಮನ್ನರ ಮಾತು ಮನದಟ್ಟಾಗುವುದು.

ಅದಕ್ಕೂ ಮೊದಲು, ಮೂರು ನಾಲ್ಕನೆಯ ದಿನ ನೋವು ಇಳಿಯುತ್ತಿರುವಾಗ, ಕುಳಿತು ಕಾಲನ್ನು ಚಾಚಿ ಹೆಬ್ಬೆರಳಿನ ತುದಿಯಿಂದ ಗಾಳಿಯಲ್ಲಿ ಅಕ್ಷರಗಳನ್ನು ಬರೆಯುವ ವ್ಯಾಯಾಮವೊಂದುಂಟು. ಮೊಳಕಾಲು ಅಲುಗದೆ ಹರಡು ಮಾತ್ರ ತಿರುಗಬೇಕು. ಚಿಕಿತ್ಸಕರು ಇದಕ್ಕೆ ಇಂಗ್ಲಿಷ್ ಅಕ್ಷರಗಳನ್ನು ಹೇಳುವುದು ರೂಢಿ. ಆದರೆ ನೆಟ್ಟಗೆರೆಗಳೇ ಹೆಚ್ಚಾದ ಆ ಲಿಪಿಗಿಂತ ದುಂಡುದುಂಡಾಗಿ ಸುತ್ತುವ ಕನ್ನಡ ಲಿಪಿಯು ಹರಡಿಗೆ ಹೆಚ್ಚು ಒಪ್ಪುತ್ತದೆ. ‘ಅ’ ಎಂದು ಬರೆಯುವಷ್ಟರಲ್ಲಿ ಪಾದವು ಒಳಕ್ಕೂ ಹೊರಕ್ಕೂ ಮೇಲಕ್ಕೂ ಕೆಳಕ್ಕೂ ಸುತ್ತಿ ಬಂದಿರುತ್ತದೆ; ‘ಋ’ ಮತ್ತು ‘ಞ’ಗಳನ್ನು ತಪ್ಪಿಲ್ಲದೆ ಬರೆದವನ ಹರಡು ಯಾವ ದಿಕ್ಕನ್ನೂ ಬಿಟ್ಟಿರದು. 49 ಅಕ್ಷರಗಳನ್ನು ದಿನಕ್ಕೆ ಎರಡು ಸಲ ಕಾಲಿನಿಂದ ಬರೆದರೆ ಚಿಕಿತ್ಸೆಯೂ ಆಯಿತು, ಒತ್ತಕ್ಷರಗಳಿಗೆ ಮೊದಲಿನ ಪಾಠವೂ ಆಯಿತು. ಬಳಿಕ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಎತ್ತಿ ಇಳಿಸುವುದರಿಂದ ಮೀನಖಂಡವು ಬಲವಾಗುತ್ತದೆ.

ಆಟಕ್ಕೆ ಮರಳುವ ದಿನವನ್ನು ಪಂಚಾಂಗದಿಂದಲ್ಲ, ಕಾಲಿನಿಂದಲೇ ಕೇಳಿ ತಿಳಿಯಬೇಕು. ಉಳುಕಿದ ಕಾಲೊಂದರಲ್ಲಿಯೇ ನೋವಿಲ್ಲದೆ ಕುಪ್ಪಳಿಸಲು ಬರಬೇಕು. ಎಂಟರ ಆಕಾರದಲ್ಲಿ ಓಡಲು ಬರಬೇಕು. ಇನ್ನೊಂದು ಕಾಲಿಗೆ ಸಮನಾದ ಬಲವಿರಬೇಕು. ಮರಳಿದ ಮೇಲೆಯೂ ಕೆಲವು ತಿಂಗಳು ಹರಡಿಗೆ ಆಸರೆಯ ಪಟ್ಟಿಯನ್ನು ಕಟ್ಟಿಕೊಂಡು ಆಡುವುದು ಕ್ಷೇಮ.

ಹಿಮ್ಮಡಿಯ ಹಿಂದಿನ ನರದಂತೆ ತೋರುವ ದಪ್ಪ ಸ್ನಾಯುರಜ್ಜುವಿನ ವಿಚಾರವು ಬೇರೆ. ಗ್ರೀಕರ ಕಥೆಯ ವೀರ ಅಕಿಲೀಸನ ಹೆಸರು ಅದಕ್ಕಿದೆ. ಹಿಮ್ಮಡಿಯೊಂದೇ ಅವನ ಮರ್ಮ. ಶ್ರೀಕೃಷ್ಣನ ಅವತಾರಸಮಾಪ್ತಿಯೂ ಪಾದಕ್ಕೆ ತಗಲಿದ ಬೇಡನ ಬಾಣದಿಂದಲೇ ಆಯಿತೆಂಬುದನ್ನು ನೆನೆದರೆ ಎರಡು ನಾಡಿನ ಕಥೆಗಾರರ ಕಣ್ಣೂ ಒಂದೇ ಎಡೆಯಲ್ಲಿ ನೆಟ್ಟಂತಿದೆ. ಈ ರಜ್ಜು ಹರಿದಾಗ ಹಿಂದಿನಿಂದ ಯಾರೋ ಒದ್ದಂತಾಗುವುದು. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಬೋರಲು ಮಲಗಿಸಿ ಮೀನಖಂಡವನ್ನು ಹಿಸುಕಿದಾಗ ಪಾದವು ಅಲುಗದಿದ್ದರೆ ರಜ್ಜು ಹರಿದಿದೆ ಎಂದರ್ಥ. ಇದನ್ನು ಉಳುಕೆಂದು ತಿಳಿದು ವಾರಗಟ್ಟಲೆ ಕಳೆದರೆ ಜೋಡಿಸುವುದು ಕಷ್ಟವಾಗುತ್ತದೆ.

ಪೆಟ್ಟಿಲ್ಲದೆ ಬರುವ ಹರಡುನೋವಿಗೆ ಕಾರಣಗಳು ಬೇರೆ. 2005-06ರಲ್ಲಿ ಕರ್ನಾಟಕವನ್ನೆಲ್ಲ ಹಬ್ಬಿದ ಚಿಕುನ್‌ಗುನ್ಯ ಜ್ವರದ ನೆನಪು ಹಿರಿಯರಿಗೆ ಇನ್ನೂ ಇದೆ. ಜ್ವರ ನಾಲ್ಕಾರು ದಿನಕ್ಕೆ ಬಿಟ್ಟರೂ ಹರಡು ಮಣಿಕಟ್ಟುಗಳ ನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಊರಿಗೆ ಊರೇ ಬೆಳಗಿನ ಹೊತ್ತು ಗೋಡೆ ಹಿಡಿದು ನಡೆಯಿತು. 1952ರಲ್ಲಿ ಆಫ್ರಿಕದ ಟಾಂಗನಿಕದಲ್ಲಿ ಈ ಜ್ವರವನ್ನು ಗುರುತಿಸಲಾಯಿತು. ‘ಬಗ್ಗಿಸುವುದು’ ಎಂಬ ಅರ್ಥದ ಆ ಹೆಸರು ಅಲ್ಲಿಯ ಮಾಕೊಂಡೆ ಭಾಷೆಯದು. ‘ಕೋಳಿಜ್ವರ’ವೆಂದು ಕೆಲವರು ಅಂದುಕೊಂಡುದು ‘ಚಿಕನ್’ ಎಂಬ ಇಂಗ್ಲಿಷ್ ಶಬ್ದದ ಭ್ರಾಂತಿ. ಕೋಳಿಗೂ ಇದಕ್ಕೂ ಸಂಬಂಧವಿಲ್ಲ, ಸೊಳ್ಳೆಗೆ ಉಂಟು. ನಡುರಾತ್ರಿ ಒಮ್ಮೆಗೇ ಕೀಲು ಕೆಂಪಾಗಿ, ಹೊದಿಕೆ ತಾಗಿದರೂ ಚೀರುವಂತಾದರೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿದುದರಿಂದ ಬರುವ ಗೌಟ್ ಆಗಿರಬಹುದು. ಅದು ಹೆಚ್ಚಾಗಿ ಹೆಬ್ಬೆರಳಿಗೆ ಬರುವುದಾದರೂ ಹರಡನ್ನು ಬಿಡುವುದಿಲ್ಲ. ಎರಡೂ ಹರಡುಗಳು ನೋವಿಲ್ಲದೆ ಬಾತು, ಬೆರಳಿನಿಂದ ಒತ್ತಿದರೆ ಕುಳಿ ಬಿದ್ದರೆ, ದೋಷವು ಹರಡಿನದಲ್ಲ. ಹೃದಯ, ಮೂತ್ರಪಿಂಡ, ಯಕೃತ್ತುಗಳನ್ನು ಪರೀಕ್ಷಿಸಬೇಕು. ಜ್ವರದೊಡನೆ ಒಂದೇ ಕೀಲು ಬಾತು ಕಾದರೆ ಒಳಗೆ ಕೀವಾಗುತ್ತಿರುವ ಸಂಭವವಿದೆ. ಅದು ಒಂದು ದಿನವೂ ತಡೆಯುವಂತಹುದಲ್ಲ.

ಕೊನೆಯದಾಗಿ ಮಧುಮೇಹಿಗಳ ಹರಡು. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಅರಿವು ಕುಂದಿದವರಲ್ಲಿ ಹರಡೂ ಪಾದವೂ ಕೆಂಪಾಗಿ, ಬೆಚ್ಚಗಾಗಿ, ಊದಿಕೊಂಡು, ನೋವು ಮಾತ್ರ ಅತ್ಯಲ್ಪವಾಗಿರುವ ಒಂದು ವಿಕಾರ ತಲೆದೋರುವುದುಂಟು. ಇಂತಹ ಕೀಲಿನ ವಿಕಾರವನ್ನು ಫ್ರಾನ್ಸಿನ ಶಾರ್ಕೋ ಎಂಬ ವೈದ್ಯನು 1868ರಲ್ಲಿ ಬೇರೊಂದು ನರರೋಗದ ಪ್ರಸಂಗದಲ್ಲಿ ವರ್ಣಿಸಿದನು. ನೋವಿಲ್ಲದುದರಿಂದ ರೋಗಿಯು ನಡೆಯುತ್ತಲೇ ಇರುವನು. ಒಳಗೆ ಎಲುಬುಗಳು ಪುಡಿಯಾಗುತ್ತಲೇ ಇರುವುವು. ಕೆಲವು ವಾರಗಳಲ್ಲಿ ಅಂಗಾಲಿನ ಕಮಾನು ಕುಸಿದು ತಲೆಕೆಳಗಾಗುತ್ತದೆ; ಉಬ್ಬಿದೆಡೆ ಹುಣ್ಣಾಗುತ್ತದೆ. ಒಂದು ಪಾದವು ಇನ್ನೊಂದಕ್ಕಿಂತ ಬಿಸಿಯಾಗಿರುವುದನ್ನು ಅಂಗೈಯಿಟ್ಟು ನೋಡಿದರೆ ಮನೆಯವರೂ ಗುರುತಿಸಬಹುದು. ಗುರುತಿಸಿದ ದಿನವೇ ಆ ಕಾಲನ್ನು ನೆಲಕ್ಕೆ ಊರದೆ ವೈದ್ಯರಲ್ಲಿಗೆ ಒಯ್ಯಬೇಕು. ಬಿಸಿ ಇಳಿಯುವವರೆಗೆ, ಎಂದರೆ ಹಲವು ತಿಂಗಳು, ಪಾದಕ್ಕೆ ಒಪ್ಪುವ ಗಟ್ಟಿ ಕಟ್ಟಿನಲ್ಲಿ ಅದನ್ನು ಕಾಪಾಡುವುದೇ ಅದಕ್ಕೆ ಚಿಕಿತ್ಸೆ.